ನಿಮಗಿದು ಗೊತ್ತೇ? ದೋಣಿ ಹತ್ತುವ ಕಾಲಿಗೆ ಮಟ್ಟಸ ತಳ

ರಂಗನತಿಟ್ಟಿನಲ್ಲಿ ದೋಣಿಗೆ ಕಾಯುವ ಸಾಲಿನಲ್ಲಿ ನಿಂತಾಗ ಒಮ್ಮೆ ಜನರ ಮುಖ ಬಿಟ್ಟು ಕಾಲು ನೋಡಿ. ಎತ್ತರದ ಹಿಮ್ಮಡಿ, ಸವೆದು ಕನ್ನಡಿಯಾದ ಹವಾಯಿ, ಮದುವೆ ಮನೆಯಿಂದ ನೇರ ಬಂದ ಚರ್ಮದ ಬೂಟು, ಎಲ್ಲವೂ ಸಿಗುತ್ತವೆ. ದೋಣಿಗೆ ಒಗ್ಗುವ ಜೋಡನ್ನು ಮಾತ್ರ ಹುಡುಕಬೇಕು.

1. ಹರಿಗೋಲಿಗೂ ಚಪ್ಪಲಿಗೂ ಹಳೆಯ ನಂಟುಂಟು. ಬಿದಿರು ಹೆಣೆದ ಬುಟ್ಟಿಗೆ ಹಿಂದೆ ಹೊದಿಸುತ್ತಿದ್ದುದು ಚರ್ಮವನ್ನೇ. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಚರ್ಮದ ಮೈ, ಮಟ್ಟಸ ತಳ. ಹೊಳೆ ದಾಟಲು ಊರಿಗೆ ಊರೇ ಮೆಟ್ಟಿಕೊಂಡ ಒಂದು ದೊಡ್ಡ ಕೆರ ಎಂದರೂ ಸರಿಯೇ!

2. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದಿತ್ತು. ಆದರೆ ಅದು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಮುಂಭಾಗ, ಹಿಂಭಾಗ ಎಂಬುದೇ ಇಲ್ಲದ ದುಂಡು ದೋಣಿ ಇನ್ನೇನು ಮಾಡೀತು? ನೆಲವೇ ತಿರುಗುವಾಗ ನಿಲ್ಲುವ ಸಾಹಸ ಬೇಡ. ತೆಪ್ಪದಲ್ಲಿ ತೆಪ್ಪಗೆ ಕೂರುವುದೇ ಲೇಸು.

3. ದಸರಾ ಆನೆಗಿಂತ ಚೂಪು ಹಿಮ್ಮಡಿಯೇ ನೆಲಕ್ಕೆ ಹೆಚ್ಚು ಭಾರ! ಅಂದಾಜು ಲೆಕ್ಕ ನೋಡಿ. 4,000 ಕಿಲೋ ತೂಗುವ ಆನೆಯ ಒಂದೊಂದು ಪಾದಕ್ಕೆ 1,000 ಚದರ ಸೆಂ.ಮೀ. ಅಗಲ ಎಂದುಕೊಂಡರೆ, ಪ್ರತಿ ಚದರ ಸೆಂ.ಮೀ.ಗೆ ಬೀಳುವುದು ಒಂದೇ ಕಿಲೋ. 50 ಕಿಲೋ ತೂಕದ ಹೆಂಗಸು ಒಂದು ಚದರ ಸೆಂ.ಮೀ. ತುದಿಯ ಹಿಮ್ಮಡಿಯ ಮೇಲೆ ಅರ್ಧ ಭಾರ ಬಿಟ್ಟರೆ 25 ಕಿಲೋ! ಹರಿಗೋಲಿನ ಹೊದಿಕೆಗೆ ಅದು ದಬ್ಬಳ ಚುಚ್ಚಿದಂತೆ. 

4. ನಾಗಮಂಗಲ ಹೊಳೆದಡದ ಊರಲ್ಲ. ಆದರೂ ಅಗಲ ತಳದ ಪಾಠವನ್ನು ಅಲ್ಲಿಯೂ ಕಲಿಯಬಹುದು. ಲೋಹದ ಎರಕಕ್ಕೆ ಹೆಸರಾದ ಆ ಊರಿನ ದೀಪದ ಕಂಬವನ್ನು ಗಮನಿಸಿ: ಮೇಲೆ ಸಪೂರ, ಕೆಳಗೆ ಅಗಲ, ಭಾರವೆಲ್ಲ ತಳದಲ್ಲಿ. ಕೈ ತಗುಲಿದರೂ ತಟ್ಟನೆ ಉರುಳದು. ಎತ್ತರದ ಹಿಮ್ಮಡಿ ಇದಕ್ಕೆ ತದ್ವಿರುದ್ಧ: ತಳ ಕಿರಿದು, ಭಾರ ಮೇಲೆ.

5. ದೋಣಿಯ ಬೂಟಿಗೆ ಗುರು ಒಂದು ನಾಯಿ. ಅಮೆರಿಕದ ಪಾಲ್ ಸ್ಪೆರಿ ತನ್ನ ಹಾಯಿದೋಣಿಯಲ್ಲಿ ಜಾರಿ ನೀರಿಗೆ ಬಿದ್ದವನು. ಮುಂದೆ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರದೆ ಓಡುತ್ತಿದ್ದ ತನ್ನ ನಾಯಿ ಪ್ರಿನ್ಸ್‌ನ ಅಂಗಾಲು ನೋಡಿದ. ಅಲ್ಲಿದ್ದ ಸೀಳುಗಳಂತೆಯೇ ರಬ್ಬರ್ ತಳಕ್ಕೂ ಅಂಕುಡೊಂಕು ಗೀರು ಹಾಕಿದ. 1935ರಲ್ಲಿ ಆ ಬೂಟು ಮಾರುಕಟ್ಟೆಗೆ ಬಂತು.

6. ಆ ಗೀರುಗಳ ಕೆಲಸವೇನು? ಒದ್ದೆ ಹಲಗೆಗೂ ರಬ್ಬರಿಗೂ ನಡುವೆ ನೀರಿನ ತೆಳು ಪದರ ಸಿಕ್ಕಿಕೊಂಡರೆ ಕಾಲು ಅದರ ಮೇಲೆ ತೇಲುತ್ತದೆ, ಜಾರುತ್ತದೆ. ಸೀಳುಗಳು ಆ ನೀರಿಗೆ ದಾರಿ ಬಿಡುತ್ತವೆ. ಅವುಗಳ ಅಂಚು ನೆಲ ಹಿಡಿಯುತ್ತದೆ. ಗೀರು ಸವೆದ ದಿನವೇ ದೋಣಿಯ ಬೂಟಿನ ಆಯುಷ್ಯ ಮುಗಿದಂತೆ.

7. ಇಂಥ ಬೂಟುಗಳ ತಳ ಸಾಮಾನ್ಯವಾಗಿ ಬಿಳಿ. ಅದು ಅಂದಕ್ಕಲ್ಲ, ಕಪ್ಪು ರಬ್ಬರ್ ಉಜ್ಜಿದಲ್ಲೆಲ್ಲ ದೋಣಿಯ ಹಲಗೆಗೆ ಕರಿಗೆರೆ ಬೀಳುತ್ತದೆ.

8. ಕ್ರಾಕ್ಸ್ ಚಪ್ಪಲಿಯೂ ಹುಟ್ಟಿದ್ದು ದೋಣಿಗಾಗಿಯೇ! ಈ ಶತಮಾನದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದ ದೋಣಿ ಮೇಳವೊಂದರಲ್ಲಿ ಇಟ್ಟಿದ್ದ ಮೊದಲ 200 ಜೊತೆ ಅಲ್ಲೇ ಖಾಲಿಯಾದವು. ನೆಲಕ್ಕೂ ಸೈ, ನೀರಿಗೂ ಸೈ ಎಂಬ ಕಾರಣಕ್ಕೆ ಮೊಸಳೆಯ ಹೆಸರು.

9. ನಿಜವಾದ ಮೊಸಳೆ ಬೇಕೆಂದರೆ ರಂಗನತಿಟ್ಟಿಗೇ ಬರಬೇಕು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಇಲ್ಲಿನ ತಿಟ್ಟುಗಳಾದವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವೆನಿಸಿತು. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯ ಚಿತ್ರ ತೆಗೆಯಲು ದೋಣಿಯಲ್ಲಿ ಎದ್ದು ನಿಲ್ಲುವವರಿಗೆ ಯಾವ ಬೂಟೂ ರಕ್ಷೆಯಲ್ಲ.

10. ನಿಮ್ಮ ಹವಾಯಿ ಚಪ್ಪಲಿ ತೇಲುತ್ತದೆ, ನೀವು ತೇಲುವುದಿಲ್ಲ! ನೀರಿಗೆ ಬಿದ್ದ ಚಪ್ಪಲಿ ಹಿಡಿಯಲು ಬಗ್ಗಿದರೆ ದೋಣಿಯೂ ನಿಮ್ಮೊಡನೆ ಬಗ್ಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಜೋಡು ಹಾಕಿಕೊಂಡರೆ ಈ ಪ್ರಸಂಗವೇ ಬಾರದು.

11. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಕೆ.ಆರ್. ಪೇಟೆ ತಾಲ್ಲೂಕಿನ ಊರಿನ ಹೆಸರಲ್ಲೇ ಅಂಬಿಗನಿದ್ದಾನೆ: ಅಂಬಿಗರಹಳ್ಳಿ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದದ್ದು ಇಲ್ಲೇ. ಇಂಥ ದಡಗಳಲ್ಲಿ ಕಾಲು ಜಾರುವುದಕ್ಕಿಂತ ಹೂತುಹೋಗುವುದೇ ಹೆಚ್ಚು. ಕೆಸರು ಸಡಿಲ ಚಪ್ಪಲಿಯನ್ನು ಎಳೆದಿಟ್ಟುಕೊಂಡು ಬರಿಗಾಲನ್ನಷ್ಟೇ ಹಿಂದಿರುಗಿಸುತ್ತದೆ.

12. ಶ್ರೀರಂಗಪಟ್ಟಣದ ಕೋಟೆಗೆ 1799ರ ಮೇ 4ರಂದು ನುಗ್ಗಿದ ಬ್ರಿಟಿಷ್ ಪಡೆ ಹೊಳೆ ದಾಟಿದ್ದು ದೋಣಿಯಲ್ಲಲ್ಲ, ಕಾಲ್ನಡಿಗೆಯಲ್ಲಿ. ಬೇಸಿಗೆಯ ನೀರು ಕಡಿಮೆಯಿತ್ತು. ಮುಂಗಾರು ಹಿಡಿದರೆ ಕಾವೇರಿಯೇ ಕೋಟೆಯ ಕಾವಲಿಗೆ ನಿಲ್ಲುತ್ತಿದ್ದಳು. ಬಂಡೆ ತುಂಬಿದ ಆ ಪಾತ್ರದಲ್ಲಿ ಪಾಚಿಯ ಮೇಲೆ ಕಾಲಿಟ್ಟವರಿಗೆ ಇಂದಿಗೂ ಒಂದೇ ಬುದ್ಧಿವಾದ: ಹಿಮ್ಮಡಿ ಊರಬೇಡಿ, ಇಡೀ ಅಂಗಾಲು ಊರಿ.

13. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ತೆಪ್ಪೋತ್ಸವ ನಡೆಯುವ ಕಲ್ಯಾಣಿಯ ಮೆಟ್ಟಿಲಿಗೆ ಚಪ್ಪಲಿಯೇ ಸಲ್ಲದು. ಬರಿಗಾಲಿಗೆ ಅಲ್ಲಿ ಬೆರಳುಗಳೇ ಆಸರೆ. ದೋಣಿಯಲ್ಲಿ ಬರಿಗಾಲು ಅಷ್ಟು ಸುರಕ್ಷಿತವಲ್ಲ. ಮೊಳೆ, ಕೊಕ್ಕೆ, ಹಗ್ಗದ ಗಂಟು ಕಿರುಬೆರಳಿಗೇ ಹೊಂಚುತ್ತಿರುತ್ತವೆ.

14. ಹಾಯಿದೋಣಿಗೆ ಕಡಲೇ ಬೇಕಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ; ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲೂ ಹಾಯಿಗಳು ಬಿಚ್ಚಿಕೊಂಡಿವೆ. ಗಾಳಿಗೆ ದೋಣಿ ವಾಲಿದಾಗ ಸವಾರರು ತಳದ ಪಟ್ಟಿಗೆ ಪಾದ ಸಿಕ್ಕಿಸಿ, ಮೈಯನ್ನು ಹೊರಚಾಚಿ ತೂಗಿಸುತ್ತಾರೆ. ಹಾಗಾಗಿ ಅವರ ಬೂಟಿಗೆ ತಳದಷ್ಟೇ ಮೇಲ್ಮೈಯೂ ಗಟ್ಟಿಯಿರಬೇಕು.

15. ಮೊಣಕಾಲುದ್ದದ ಸಡಿಲ ಗಂಬೂಟು ಗದ್ದೆಗೆ ಚೆಂದ, ದೋಣಿಗೆ ಅಪಾಯ. ನೀರಿಗೆ ಬಿದ್ದರೆ ಒಳಗೆಲ್ಲ ನೀರು ತುಂಬಿ ಕಾಲೆತ್ತುವುದೇ ಕಷ್ಟ. ನೀರು ಬಂದರೂ ಸೋರಿಹೋಗುವ, ಬೇಗ ಒಣಗುವ ಜೋಡೇ ಜಾಣತನ.

16. ಅಂಬಿಗನೂ ಚಮ್ಮಾರನೂ ಒಂದೇ ಕಾಲದಲ್ಲಿ ಶರಣರ ಸಾಲಿನಲ್ಲಿ ಸಮನಾಗಿ ಕೂತವರು: 12ನೇ ಶತಮಾನದ ಅಂಬಿಗರ ಚೌಡಯ್ಯ ಮತ್ತು ಹರಳಯ್ಯ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆ ನಾಡಿಗೆಲ್ಲ ಗೊತ್ತು.

17. ಜೋಡು ಕೊಳ್ಳಲು ಸಂಜೆಯೇ ಒಳ್ಳೆಯದು. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ. ಬೆಳಿಗ್ಗೆ ಸರಿಹೊಂದಿದ್ದು ಸಂಜೆಗೆ ಕಚ್ಚೀತು. ಕೊಂಡ ಮೇಲೆ ಮನೆಯ ಬಟ್ಟೆ ಒಗೆಯುವ ಕಲ್ಲಿನ ಬಳಿ ನೀರು ಚೆಲ್ಲಿ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ. ಅಲ್ಲಿ ಜಾರಿದ್ದು ದೋಣಿಯಲ್ಲೂ ಜಾರುತ್ತದೆ.

18. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಜೋಡಿಗೂ ಸಲ್ಲುತ್ತದೆ. ಮನೆಗೆ ಬಂದೊಡನೆ ಮೂಲೆಗೆಸೆಯಬೇಡಿ. ತಳದ ಗೀರುಗಳಲ್ಲಿ ಸಿಕ್ಕ ಮರಳನ್ನು ಕಡ್ಡಿಯಿಂದ ಕೆದಕಿ, ತೊಳೆದು, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಮುಂದಿನ ಸಲ ದೋಣಿ ಹತ್ತುವಾಗ ತಳ ದಡದಲ್ಲೇ ಉಳಿದೀತು!