ಪಿಕಪ್ ಗಾಡಿಯ ಬಾಡಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಲಕರಣೆಗಳು



ನಮ್ಮ ಹಿರಿಯರು ಎತ್ತಿನ ಗಾಡಿಯನ್ನು ಬರಿದಾಗಿ ಎಂದೂ ಹೂಡುತ್ತಿರಲಿಲ್ಲ. ಹುಲ್ಲು ತರುವುದಕ್ಕೆ ಪಕ್ಕದ ಗೂಟಗಳಿದ್ದವು, ಗೊಬ್ಬರ ಸಾಗಿಸುವುದಕ್ಕೆ ತಟ್ಟಿ ಇತ್ತು, ಜನರು ಕೂರುವುದಿದ್ದರೆ ಕಮಾನು ಇತ್ತು. ಕೆಲಸಕ್ಕೆ ತಕ್ಕಂತೆ ಗಾಡಿಗೆ ಅಂಗಗಳನ್ನು ಜೋಡಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು. ಇವತ್ತು ಊರೂರಿಗೂ ಪಿಕಪ್ ಗಾಡಿಗಳು ಬಂದಿವೆ. ಆದರೆ ಕಂಪನಿಯವರು ಕೊಟ್ಟ ಬರಿಯ ತಗಡಿನ ಬಾಡಿಯಲ್ಲಿಯೇ ಟೊಮೆಟೊ, ಕೊತ್ತಂಬರಿ, ಹಿಂಡಿ ಮೂಟೆ, ಮೇಕೆ ಎಲ್ಲವನ್ನೂ ಹೇರುತ್ತೇವೆ. ಎತ್ತಿನ ಗಾಡಿಗೆ ಇದ್ದ ಅನುಕೂಲ ಇದಕ್ಕೆ ಇಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಇದನ್ನು ಬರೆಯಲು ಒಂದು ಕಾರಣವಿದೆ. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿರಬಹುದು. ಆಗ ಮುಳಬಾಗಿಲು ಕಡೆಯಿಂದ ನಮ್ಮ ಚಿಕ್ಕಪ್ಪನವರ ಟೊಮೆಟೊ ಹೊರಟಿತ್ತು. ಅರ್ಧ ಬಾಡಿಗೆ ಆಗುವಷ್ಟು ಬಾಕ್ಸುಗಳು ಮಾತ್ರ. ಹಗ್ಗ ಕಟ್ಟಿದವನು ನಾನೇ. ಬಾಕ್ಸಿಗೂ ಮುಂದಿನ ಗೋಡೆಗೂ ನಡುವೆ ಒಂದು ಗೇಣು ಸಂದು ಉಳಿದಿತ್ತು. ಅದು ಲೆಕ್ಕಕ್ಕೆ ಬರುವುದಿಲ್ಲವೆಂದು ಬಿಟ್ಟೆ. ದಾರಿಯಲ್ಲಿ ಹಸು ಅಡ್ಡ ಬಂತೆಂದು ಡ್ರೈವರು ಬ್ರೇಕ್ ಹಾಕಿದ. ಬಾಕ್ಸುಗಳೆಲ್ಲ ಆ ಸಂದಿನೊಳಕ್ಕೆ ಜಾರಿದವು, ಹಗ್ಗ ಸಡಿಲವಾಯಿತು. ಅದನ್ನು ಯಾರೂ ನೋಡಲಿಲ್ಲ. ಮುಂದಿನ ರಸ್ತೆ ಉಬ್ಬಿನ ಮೇಲೆ ಗಾಡಿ ಹತ್ತಿ ಇಳಿದಾಗ ಹಿಂದಿನ ಎರಡು ಸಾಲು ಕುಸಿದವು. ಹನ್ನೊಂದು ಬಾಕ್ಸು ರಸ್ತೆಯ ಪಾಲಾಯಿತು. ಅದು ಹೋಗಲಿ, ಬಾಕ್ಸುಗಳ ಮೇಲೆ ಕುಳಿತಿದ್ದ ಚಿಕ್ಕಪ್ಪನ ಮಗ ಕೆಳಕ್ಕೆ ಬಿದ್ದು ಕೈ ಮುರಿದುಕೊಂಡ. ಮೂರು ತಿಂಗಳು ಅವನು ಕೊಳವೆ ಬಾವಿಯ ಸ್ಟಾರ್ಟರ್ ಗುಂಡಿ ಒತ್ತುವುದಕ್ಕೂ ಎಡಗೈಯನ್ನೇ ಬಳಸಬೇಕಾಯಿತು.

ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನೂಕಬಹುದು. ಸಾವಿರ ಕೆ.ಜಿ. ಹೇರಿದ್ದರೆ ಎಂಟುನೂರು ಕೆ.ಜಿ.ಯಷ್ಟು ನೂಕುಬಲ. ತಿರುವಿನಲ್ಲಿ ಪಕ್ಕಕ್ಕೆ ಸುಮಾರು ಅರ್ಧ ತೂಕದಷ್ಟು. ಸರಕು ಮೊದಲಿನಿಂದಲೇ ಗೋಡೆಗೆ ಒತ್ತಿ ನಿಂತಿದ್ದರೆ ಈ ಬಲವನ್ನು ಗೋಡೆ ಹೊರುತ್ತದೆ. ನಡುವೆ ಸಂದು ಇದ್ದರೆ ಸರಕು ಓಡಿಬಂದು ಗುದ್ದುತ್ತದೆ. ಆದುದರಿಂದ ಸಂದು ಬಿಡಲೇಕೂಡದು. ಉಳಿದರೆ ಹುಲ್ಲು ತುಂಬಿದ ಗೋಣಿಚೀಲವನ್ನು ತುರುಕಿ.

ಬಾಡಿ ತುಂಬ ಹೇರಿದ್ದರೆ ಹಿಂಬಾಗಿಲೇ ಕೆಳಗಿನ ಸಾಲುಗಳನ್ನು ತಡೆಯುತ್ತದೆ. ತೊಂದರೆ ಇರುವುದು ಅರ್ಧ ಹೇರಿನಲ್ಲಿ. ಇದಕ್ಕೆ ಒಂದು ಅಡ್ಡ ಏಣಿ ಮಾಡಿಕೊಳ್ಳಬೇಕು. ಟೊಮೆಟೊ ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಗಳಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಮಣಿಕಟ್ಟಿನಷ್ಟು ದಪ್ಪದವನ್ನು, ಹುಳು ಹಿಡಿಯದೆ ಒಣಗಿದವನ್ನು ಆರಿಸಿ. ಬಾಡಿಯ ಒಳಗಿನ ಅಗಲಕ್ಕಿಂತ ಒಂದು ಅಂಗುಲ ಕಡಿಮೆ ಉದ್ದದ ಮೂರು ಗಳಗಳನ್ನು ಅಡ್ಡಕ್ಕೂ, ಹೇರುವ ಎತ್ತರಕ್ಕೆ ಸಮನಾದ ಮೂರನ್ನು ಉದ್ದಕ್ಕೂ ಇಟ್ಟು, ಸೇರುವ ಕಡೆ ತೂತು ಕೊರೆದು ಬೋಲ್ಟು ನಟ್ಟು ಹಾಕಿ. ಮೊಳೆ ಸಾಲದು, ಗಾಡಿಯ ಕುಲುಕಾಟಕ್ಕೆ ಒಂದು ವಾರದಲ್ಲಿ ಸಡಿಲವಾಗುತ್ತದೆ. ಬೋಲ್ಟಿನ ತಲೆ ಬಾಕ್ಸಿನ ಕಡೆ ಇರಲಿ, ಉಳಿದ ತುದಿ ಹೊರಗಡೆ ಇರಲಿ.

ಈ ಏಣಿಯನ್ನು ಕೊನೆಯ ಸಾಲಿನ ಹಿಂದೆ ನಿಲ್ಲಿಸಿ, ಎರಡೂ ತುದಿಯಿಂದ ಹಗ್ಗವನ್ನು ಮುಂದಕ್ಕೆ ಎಳೆದು ಬಾಡಿಯ ನಡುಭಾಗದ ಕೊಕ್ಕೆಗಳಿಗೆ ಬಿಗಿಯಬೇಕು. ಹಿಂದಕ್ಕೆ ಕಟ್ಟಿದರೆ ಏಣಿ ಇದ್ದೂ ಇಲ್ಲದಂತೆ. ಮುಂದಕ್ಕೆ ಬಿಗಿದಾಗ ಮಾತ್ರ ಅದು ಸರಕನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಮೇಕೆ, ಕರು ಸಾಗಿಸುವಾಗ ಇದೇ ಏಣಿಯಿಂದ ಅವುಗಳಿಗೆ ಸಣ್ಣ ಕೋಣೆ ಮಾಡಿದರೆ ಬಾಡಿಯ ತುಂಬ ಓಡಾಡಿ ಕಾಲು ಮುರಿದುಕೊಳ್ಳುವುದಿಲ್ಲ.

ಹಗ್ಗದ ವಿಷಯ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಎಳೆ ಬಿಡುತ್ತದೆ. ಕೈಯಲ್ಲಿ ತಿರುಚಿದಾಗ ಪುಡಿ ಉದುರಿದರೆ ಅದನ್ನು ಹಸು ಕಟ್ಟುವುದಕ್ಕೂ ಇಡಬೇಡಿ. ಕಟ್ಟುವ ಕ್ರಮ ಹೀಗೆ: ಒಂದು ತುದಿಯನ್ನು ಎಡಗಡೆಯ ಕೊಕ್ಕೆಗೆ ಭದ್ರ ಮಾಡಿ ಹಗ್ಗವನ್ನು ಸರಕಿನ ಮೇಲಿಂದ ಬಲಗಡೆಗೆ ಎಸೆಯಿರಿ. ಬಲಗಡೆ ಇಳಿಬಿದ್ದ ಹಗ್ಗದಲ್ಲಿ ಎದೆಯ ಎತ್ತರಕ್ಕೆ, ಜಾರದಂತೆ ಗಂಟು ಹಾಕಿ ಒಂದು ಕುಣಿಕೆ ಮಾಡಿ. ಉಳಿದ ಹಗ್ಗವನ್ನು ಕೊಕ್ಕೆಯ ಅಡಿಯಿಂದ ಸುತ್ತಿ ತಂದು, ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಎಳೆಯಿರಿ. ಕುಣಿಕೆ ರಾಟೆಯಂತೆ ಕೆಲಸ ಮಾಡಿ, ಒಬ್ಬನು ಎಳೆದರೆ ಇಬ್ಬರು ಎಳೆದಷ್ಟು ಬಿಗಿಯಾಗುತ್ತದೆ. ಬಿಗಿ ಸಡಿಲದಂತೆ ಹಿಡಿದು ಕೊಕ್ಕೆಗೆ ಎರಡು ಸುತ್ತು ಕಟ್ಟಿ. ಲಾರಿಯ ಕ್ಲೀನರುಗಳಿಗೆ ಇದು ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಓದುವುದಕ್ಕಿಂತ ಅವರ ಹತ್ತಿರ ಒಮ್ಮೆ ನೋಡಿ ಕಲಿಯುವುದು ಸುಲಭ. ನಾನು ಡಿಪ್ಲೊಮಾದಲ್ಲಿ ಕಲಿತದ್ದಲ್ಲ, ಆ ಅಪಘಾತವಾದ ಮೇಲೆ ಅವರಿಂದಲೇ ಕಲಿತದ್ದು.

ಹಗ್ಗ ಬಾಕ್ಸಿನ ಅಂಚನ್ನು ಮುಟ್ಟುವ ಕಡೆ ಹಳೆಯ ಟೈರಿನ ತುಂಡು ಇಡಿ. ಇಲ್ಲವಾದರೆ ಅಂಚು ಹಗ್ಗವನ್ನು ಕೊರೆಯುತ್ತದೆ, ಹಗ್ಗ ಬಾಕ್ಸನ್ನು ಒಡೆಯುತ್ತದೆ. ಹೊರಟು ಏಳೆಂಟು ಮೈಲಿ ಆದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯತಕ್ಕದ್ದು. ಸರಕು ಕುಳಿತುಕೊಂಡು ಹಗ್ಗ ಸಡಿಲವಾಗಿರುತ್ತದೆ. ಸೈಕಲ್ ಟ್ಯೂಬ್ ಸೀಳಿ ಕಟ್ಟುವ ಅಭ್ಯಾಸ ಹಲವರಲ್ಲಿದೆ. ಮೇಲ್ಹೊದಿಕೆ ಹಾರದಂತೆ ಹಿಡಿಯುವುದಕ್ಕೆ ಅದು ಒಳ್ಳೆಯದೇ. ಸರಕನ್ನು ಹಿಡಿಯುವುದಕ್ಕೆ ಮಾತ್ರ ಅದನ್ನು ನಂಬಬಾರದು, ರಬ್ಬರು ಹಿಗ್ಗುತ್ತದೆ.

ತಗಡಿನ ನೆಲದ ಮೇಲೆ ಪ್ಲಾಸ್ಟಿಕ್ ಬಾಕ್ಸು, ಅದರಲ್ಲೂ ಮಳೆಯಲ್ಲಿ, ಸುಲಭವಾಗಿ ಜಾರುತ್ತದೆ. ಕೊಟ್ಟಿಗೆಯ ಹಳೆಯ ರಬ್ಬರು ಮ್ಯಾಟನ್ನು ಮಣ್ಣು ಸಗಣಿ ಇಲ್ಲದಂತೆ ತೊಳೆದು ಹಾಸಿದರೆ ಸಾಕು. ಸೊಪ್ಪಿನ ಕಟ್ಟುಗಳನ್ನು ಸಾಗಿಸುವವರು ಬಿದಿರಿನ ಸೀಳುಗಳಿಂದ ಎರಡು ಅಂಗುಲ ಎತ್ತರದ ತಟ್ಟಿ ಮಾಡಿ ಹಾಸಲಿ. ನೀರು ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಕಟ್ಟಿಗೂ ಗಾಳಿ ಸಿಗುತ್ತದೆ.

ಹೊದಿಕೆಯಲ್ಲಿ ನಾವು ಮಾಡುವ ತಪ್ಪೆಂದರೆ ಟಾರ್ಪಾಲನ್ನು ಟೊಮೆಟೊ ಮೇಲೆಯೇ ಎಳೆದು ಬಿಡುವುದು. ಬಿಸಿಲು ಹೊರಗಿನಿಂದ, ಹಣ್ಣಿನ ಉಸಿರಿನ ಕಾವು ಒಳಗಿನಿಂದ. ಎರಡೂ ಸೇರಿ ಮೇಲಿನ ಬಾಕ್ಸು ಮಾರುಕಟ್ಟೆ ಸೇರುವಷ್ಟರಲ್ಲಿ ಮೆತ್ತಗಾಗುತ್ತದೆ. ಹಳೆಯ ಕಮಾನು ಗಾಡಿಯನ್ನು ನೆನೆಸಿಕೊಳ್ಳಿ. ಬಿದಿರಿನ ಮೂರು ಸೀಳುಗಳನ್ನು, ಇಲ್ಲವೆ ತೋಟದಲ್ಲಿ ಉಳಿದ ಕಪ್ಪು ನೀರಿನ ಪೈಪನ್ನು ಬಗ್ಗಿಸಿ, ತುದಿಗಳನ್ನು ಪಕ್ಕದ ಗೋಡೆಗೂ ಬಾಕ್ಸಿಗೂ ನಡುವೆ ಇಳಿಸಿ, ಮೇಲೆ ಉದ್ದಕ್ಕೆ ಒಂದು ಗಳ ಕಟ್ಟಿ. ಬಾಕ್ಸಿಗೂ ಕಮಾನಿಗೂ ಒಂದು ಗೇಣು ಅಂತರವಿರಲಿ. ಹಗಲಿಗೆ ಅದರ ಮೇಲೆ ನರ್ಸರಿಯವರು ಹಾಕುವ ನೆರಳು ಪರದೆ, ಮಳೆಗೆ ಟಾರ್ಪಾಲು.

ಮೊನ್ನೆ ಒಬ್ಬ ಯಜಮಾನರು ಕೇಳಿದರು: “ಅಲ್ಲಪ್ಪಾ, ಇಷ್ಟೆಲ್ಲ ಯಾಕೆ, ಪಕ್ಕದ ಗೋಡೆಗೇ ಎರಡು ಅಡಿ ಕಬ್ಬಿಣ ವೆಲ್ಡಿಂಗ್ ಮಾಡಿಸಿದರೆ ಆಗೋದಿಲ್ಲವಾ?” ಆಗುವುದಿಲ್ಲ ಯಜಮಾನರೆ. ನೋಂದಣಿ ಪುಸ್ತಕದಲ್ಲಿ ಇರುವುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವುದು 1988ರ ಮೋಟಾರು ವಾಹನ ಕಾಯಿದೆಗೆ ವಿರುದ್ಧ. ಗೋಡೆ ಎತ್ತರವಾದರೆ ಹೇರುವ ಆಸೆಯೂ ಎತ್ತರವಾಗುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿ ಹೇರಿದರೆ ಇಪ್ಪತ್ತು ಸಾವಿರ ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೆರಡು ಸಾವಿರ. ಸರಕು ಬಾಡಿಯಿಂದ ಹೊರಕ್ಕೆ ಚಾಚಿದರೂ ಇಪ್ಪತ್ತು ಸಾವಿರವೇ. ಮೇಲೆ ಹೇಳಿದ ಸಲಕರಣೆಗಳೆಲ್ಲ ಬಿಚ್ಚಿಡುವಂಥವು, ಗಾಡಿಗೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲ.

ಈ ಸಲಕರಣೆಗಳಿಗೂ ತೂಕ ಉಂಟೆಂಬುದನ್ನು ಮರೆಯಬೇಡಿ. ಉದಾಹರಣೆಗೆ, ನೋಂದಣಿ ಪುಸ್ತಕದಲ್ಲಿ ತುಂಬಿದ ತೂಕ 2,900 ಕೆ.ಜಿ., ಖಾಲಿ ತೂಕ 1,600 ಕೆ.ಜಿ. ಎಂದಿದ್ದರೆ ಉಳಿಯುವುದು 1,300. ಡ್ರೈವರು ಮತ್ತು ನೀವು ಸೇರಿ 130, ಏಣಿ, ಮ್ಯಾಟು, ಕಮಾನು, ಹಗ್ಗ ಸೇರಿ 50 ಎಂದು ಕಳೆಯಿರಿ. ಉಳಿದದ್ದು 1,120. ಹಣ್ಣು 15, ಬಾಕ್ಸು 2, ಹೀಗೆ 17 ಕೆ.ಜಿ. ಹಿಡಿದರೆ 65 ಬಾಕ್ಸು. ಅರವತ್ತಾರನೆಯದು ಬೇಡ.

ಸರಕಿನ ಮೇಲೆ ಯಾರನ್ನೂ ಕೂರಿಸಬೇಡಿ. ಕೂಲಿಯವರನ್ನಾಗಲಿ, “ಏನೂ ಆಗಲ್ಲ ಬಿಡಣ್ಣ” ಎನ್ನುವ ಮನೆಯ ಹುಡುಗರನ್ನಾಗಲಿ. ಕ್ಯಾಬಿನ್ನಿನಲ್ಲಿ ಜಾಗವಿಲ್ಲದಿದ್ದರೆ ಅವರು ಬಸ್ಸಿನಲ್ಲಿ ಬರಲಿ. ಅಪಘಾತವಾದರೆ ಸರಕಿನ ಮೇಲಿದ್ದವರಿಗೆ ವಿಮೆಯ ಪರಿಹಾರ ಸಿಗುವುದು ಕಷ್ಟ.

ಅಡ್ಡ ಏಣಿ ಮಾಡಿಕೊಳ್ಳಬೇಕೆಂದಿರುವವರು ತಮ್ಮ ಗಾಡಿಯ ಒಳಗಿನ ಅಗಲವನ್ನು ಹಿಂಬಾಗಿಲ ಹತ್ತಿರವೂ ನಡುವಿನಲ್ಲಿಯೂ ಎರಡು ಕಡೆ ಅಳೆದು ಬರೆದಿಟ್ಟುಕೊಂಡಿರಿ. ಚಕ್ರದ ಉಬ್ಬು ಒಳಕ್ಕೆ ಬಂದಿದ್ದರೆ ಅದನ್ನೂ ಬರೆಯಿರಿ. ನಾನು ನಿಮ್ಮ ಊರಿಗೆ ಬಂದಾಗ ಆ ಅಳತೆಯನ್ನು ತೋರಿಸಿದರೆ ಗಳ ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಿ ಕೊಡುತ್ತೇನೆ. ಕೊರೆಯುವ ಬೈರಿಗೆ ನನ್ನ ಹತ್ತಿರವೇ ಇದೆ.