ಆರು ವಾರ ಗಣಿತದ ಜೊತೆ: ಬೇಸಿಗೆ ಶಿಬಿರದಲ್ಲಿ ಮಕ್ಕಳು ಮಾಡುವುದೇನು?

ಗಣಿತದ ಬೇಸಿಗೆ ಶಿಬಿರ ಎಂದಕೂಡಲೇ ನಮಗೆ ನೆನಪಾಗುವುದು ಟ್ಯೂಷನ್. ರಜೆಯಲ್ಲೂ ಮಗುವಿಗೆ ಪಾಠವೇ ಎಂದು ಮನೆಯ ಹಿರಿಯರು ಬೇಸರ ಪಡುವುದು ಸಹಜ. ಆದರೆ ಒಳ್ಳೆಯ ಶಿಬಿರಗಳಲ್ಲಿ ಮುಂದಿನ ತರಗತಿಯ ಪಾಠ ಮುಗಿಸುವುದಿಲ್ಲ, ಸಿಇಟಿಗೋ ಜೆಇಇಗೋ ತಯಾರು ಮಾಡುವುದೂ ಇಲ್ಲ. ಹಾಗಾದರೆ ಅಲ್ಲಿ ದಿನವಿಡೀ ಏನು ನಡೆಯುತ್ತದೆ? ಇಂಥ ಶಿಬಿರಗಳಿಗೆ ದಾರಿ ಹಾಕಿಕೊಟ್ಟ ಅಮೆರಿಕದ ರಾಸ್ ಶಿಬಿರವನ್ನೇ ನೋಡೋಣ.

ಗಣಿತದ ಪ್ರಾಧ್ಯಾಪಕ ಆರ್ನಾಲ್ಡ್ ರಾಸ್ ಇದನ್ನು 1957ರಲ್ಲಿ ಶುರುಮಾಡಿದರು. ಸರಳವಾದ ವಿಷಯವನ್ನೇ ಆಳವಾಗಿ ಯೋಚಿಸಬೇಕು ಎಂಬುದು ಅವರ ಪಟ್ಟು. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ಆರು ವಾರ ಹಾಸ್ಟೆಲ್‌ನಲ್ಲಿದ್ದು ಕಲಿಯುತ್ತಾರೆ. ಹೊಸಬರಿಗೆಲ್ಲ ಒಂದೇ ವಿಷಯ, ಸಂಖ್ಯಾ ಸಿದ್ಧಾಂತ. ಅಂದರೆ ಒಂದು, ಎರಡು, ಮೂರು ಎಂಬ ಪೂರ್ಣ ಸಂಖ್ಯೆಗಳ ಸ್ವಭಾವವನ್ನು ಹುಡುಕುವ ಗಣಿತ.

ವಾರದ ದಿನಗಳಲ್ಲಿ ಉಪನ್ಯಾಸ ಇರುತ್ತದೆ. ಆದರೆ ಶಿಬಿರದ ಜೀವಾಳ ಇರುವುದು ‘ಪ್ರಾಬ್ಲಮ್ ಸೆಟ್’ನಲ್ಲಿ, ಅಂದರೆ ಮಕ್ಕಳ ಕೈಗೆ ಕೊಡುವ ಲೆಕ್ಕಗಳ ಹಾಳೆಯಲ್ಲಿ. ಉಪನ್ಯಾಸದಲ್ಲಿ ಇನ್ನೂ ಹೇಳಿಕೊಡದ ವಿಷಯವೂ ಆ ಹಾಳೆಯಲ್ಲಿ ಮೊದಲೇ ಇಣುಕುತ್ತದೆ. ಮಕ್ಕಳು ತಾವೇ ತಡಕಾಡಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. ಯಾವ ಅವಿಭಾಜ್ಯ ಸಂಖ್ಯೆಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು? ಪೆನ್ಸಿಲ್ ಹಿಡಿದು ಕೂತರೆ 5 ಎಂದರೆ 1+4, 13 ಎಂದರೆ 4+9, 17 ಎಂದರೆ 1+16, 29 ಎಂದರೆ 4+25 ಎಂದು ಸಿಗುತ್ತವೆ. 7, 11, 19, 23 ಮಾತ್ರ ಏನು ಮಾಡಿದರೂ ಒಗ್ಗುವುದಿಲ್ಲ. ಪಟ್ಟಿ ಬೆಳೆದಂತೆ ಗುಟ್ಟು ಕಾಣತೊಡಗುತ್ತದೆ. ಒಗ್ಗಿದವನ್ನು 4ರಿಂದ ಭಾಗಿಸಿದರೆ ಶೇಷ 1, ಒಗ್ಗದವನ್ನು ಭಾಗಿಸಿದರೆ ಶೇಷ 3. (2 ಒಂಟಿ, ಅದು 1+1.)

ಶಾಲೆಯಲ್ಲಾದರೆ ಇಲ್ಲಿಗೆ ಮುಗಿಯಿತು. ಶಿಬಿರದಲ್ಲಿ ಇಲ್ಲಿಂದ ಶುರು. ಇದು ಯಾವಾಗಲೂ ನಿಜವೇ? ಏಕೆ? ಅರ್ಧ ಉತ್ತರ ಸುಲಭ. ಯಾವ ವರ್ಗವನ್ನು 4ರಿಂದ ಭಾಗಿಸಿದರೂ ಉಳಿಯುವುದು 0 ಅಥವಾ 1. ಎರಡು ವರ್ಗ ಕೂಡಿದರೆ ಉಳಿಯುವುದು 0, 1 ಅಥವಾ 2. ಶೇಷ 3 ಬರುವ ಮಾತೇ ಇಲ್ಲ. ಆದರೆ ಶೇಷ 1 ಬರುವ ಪ್ರತಿಯೊಂದು ಅವಿಭಾಜ್ಯವೂ ಒಗ್ಗಲೇಬೇಕು ಎಂದು ಸಾಧಿಸುವುದು ಕಷ್ಟ. ಅದಕ್ಕೆ ಬೇಕಾದ ಸಲಕರಣೆಗಳನ್ನು ಒಂದೊಂದಾಗಿ ಕಟ್ಟಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಒಂದು ಪ್ರಶ್ನೆಯನ್ನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅವಕಾಶ ನಮ್ಮ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ? ನನ್ನ ಪ್ರಕಾರ ಶಿಬಿರದ ನಿಜವಾದ ಬೆಲೆ ಇದೇ.

ಬರೆದದ್ದನ್ನು ನೋಡುವವರು ಕೌನ್ಸೆಲರ್‌ಗಳು, ಅಂದರೆ ಅದೇ ಹಾಸ್ಟೆಲ್‌ನಲ್ಲಿರುವ ಹಿರಿಯ ವಿದ್ಯಾರ್ಥಿಗಳು. ಇವರಲ್ಲಿ ಅನೇಕರು ಹಿಂದೆ ಇದೇ ಶಿಬಿರದಲ್ಲಿ ಕಲಿತವರು. ಸಾಧನೆಯಲ್ಲಿ ಒಂದು ಹೆಜ್ಜೆ ತಪ್ಪಿದ್ದರೂ ಹಾಳೆ ವಾಪಸು ಬರುತ್ತದೆ, ಮತ್ತೆ ಬರೆಯಬೇಕು. ಊರಿನಲ್ಲಿ ನೂರಕ್ಕೆ ನೂರು ತೆಗೆದ ಮಗುವಿಗೆ ಮೊದಲ ವಾರ ಇದರಿಂದ ಮುಖ ಬಾಡಬಹುದು. ಫೋನಿನಲ್ಲಿ ಅತ್ತರೆ ಗಾಬರಿಯಾಗಬೇಡಿ. ಪಕ್ಕದ ಕೋಣೆಯವರೂ ಅದೇ ಹಾಳೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದಾರೆ ಎಂದು ತಿಳಿದಾಗ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆಟ, ಹರಟೆಗೂ ಸಮಯವಿರುತ್ತದೆ.

ಇನ್ನು ಖರ್ಚು. ಶುಲ್ಕ, ವಿಮಾನ, ವೀಸಾ ಸೇರಿದರೆ ಲಕ್ಷಗಳ ಲೆಕ್ಕ. ಶುಲ್ಕದಲ್ಲಿ ನೆರವು ಕೇಳಬಹುದು. ಇನ್ನೊಂದು ತೊಡಕೆಂದರೆ ಅವರ ಬೇಸಿಗೆ ಜೂನ್, ಜುಲೈ. ಆ ಹೊತ್ತಿಗೆ ನಮ್ಮಲ್ಲಿ ತರಗತಿ ಶುರುವಾಗಿರುತ್ತದೆ. ಅರ್ಜಿಯ ಜೊತೆ ಕೆಲವು ಲೆಕ್ಕಗಳನ್ನೂ ಬಿಡಿಸಿ ಕಳಿಸಬೇಕು. ಆ ಲೆಕ್ಕಗಳನ್ನು ಶಿಬಿರದವರು ಜಾಲತಾಣದಲ್ಲೇ ಹಾಕುತ್ತಾರೆ. ಹೋಗುವ ಯೋಚನೆ ಇಲ್ಲದಿದ್ದರೂ ಅವನ್ನು ಮಗುವಿಗೆ ಕೊಡಿ.

ಅಷ್ಟು ದೂರ ಏಕೆ, ನಮ್ಮಲ್ಲಿಲ್ಲವೇ ಎನ್ನುವಿರಾ? ಇದೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಏಪ್ರಿಲ್, ಮೇ ಹೊತ್ತಿಗೆ ಗಣಿತ ಒಲಿಂಪಿಯಾಡ್ ತರಬೇತಿ ಶಿಬಿರ ನಡೆಸುತ್ತದೆ. ಪ್ರಯಾಣ, ಊಟ, ವಸತಿ ಅವರದೇ. ಆದರೆ ಅಲ್ಲಿಗೆ ನೇರ ಪ್ರವೇಶವಿಲ್ಲ. ಮೊದಲು ಐಒಕ್ಯೂಎಂ ಎಂಬ ಅರ್ಹತಾ ಪರೀಕ್ಷೆ, ಆಮೇಲೆ ಪ್ರಾದೇಶಿಕ ಹಂತ, ಜನವರಿಯಲ್ಲಿ ರಾಷ್ಟ್ರೀಯ ಹಂತ. ಅದರಲ್ಲಿ ಗೆದ್ದ ಕೆಲವರಿಗೆ ಮಾತ್ರ ಶಿಬಿರದ ಕರೆ. ಕೊನೆಗೆ ಆರು ಮಂದಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. ಇದು ರಾಸ್ ಶಿಬಿರದಂತಲ್ಲ, ಸ್ಪರ್ಧೆಯ ಬಿಸಿ ಇಲ್ಲಿ ಹೆಚ್ಚು.

ಬಿಎಸ್ಸಿ ಓದುವವರಿಗೆ ಎಂಟಿಟಿಎಸ್ ಇದೆ. ಪ್ರೊ. ಎಸ್. ಕುಮರೇಸನ್ 1993ರಲ್ಲಿ ಕಟ್ಟಿದ ಬೇಸಿಗೆ ಶಿಬಿರವಿದು. ಮೇಷ್ಟ್ರು ಬೋರ್ಡಿನಲ್ಲಿ ಬರೆದದ್ದನ್ನು ನಕಲು ಮಾಡಿಸುವುದಿಲ್ಲ, ಪ್ರಶ್ನೆ ಕೇಳಿ ಕೇಳಿ ವಿದ್ಯಾರ್ಥಿಗಳ ಬಾಯಿಂದಲೇ ಉತ್ತರ ಹೊರಡಿಸುತ್ತಾರೆ.

ಐಒಕ್ಯೂಎಂಗೆ ಎಂಟನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನವರು ಕೂರಬಹುದು. ಪರೀಕ್ಷೆ ಸೆಪ್ಟೆಂಬರ್ ಸುಮಾರಿಗೆ, ನೋಂದಣಿ ಅದಕ್ಕೂ ಮೊದಲು. ಶಾಲೆ ಶುರುವಾದ ಹೊಸತರಲ್ಲೇ ಗಣಿತದ ಮೇಷ್ಟ್ರನ್ನು ಕೇಳಿಟ್ಟುಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳು ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.