ಕ್ಷೌರದ ಕತ್ತಿಗೆ ಬೆನ್ನೇ ಆಸರೆ

ಗಡ್ಡದ ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬ್ಲೇಡನ್ನು ಮೊಂಡು ಮಾಡುವುದು ಅದೇ. ಇದು ಹೇಗೆಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಅಂಚು ಬರೀ ಸವೆದು ದುಂಡಗಾಗುತ್ತಿರಲಿಲ್ಲ, ಚಕ್ಕೆ ಏಳುತ್ತಿತ್ತು. ಬಾಗಿದ ಕೂದಲು ಅಂಚನ್ನು ಪಕ್ಕಕ್ಕೆ ತಳ್ಳಿದಾಗ, ಉಕ್ಕಿನೊಳಗೆ ಗಟ್ಟಿ ಭಾಗವೂ ಮೆದು ಭಾಗವೂ ಕೂಡುವಲ್ಲಿ ಚೂರು ಕಿತ್ತು ಬರುತ್ತದೆ.

ನಮ್ಮ ಸಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಬಿಸಾಡುತ್ತಾರೆ. ಸೋಂಕಿನ ದೃಷ್ಟಿಯಿಂದ ಅದೇ ಸರಿ. ಮಡಚುವ ಹಳೆಯ ಕತ್ತಿಯಾದರೆ ಮಸೆಯಲೇಬೇಕು.

ಅಡುಗೆಮನೆಯ ಚಾಕು ಮಸೆಯುವವರಿಗೆ ಕೋನವೇ ತಲೆನೋವು; ಕೈ ಅಲುಗಿದರೆ ಅಂಚು ದುಂಡಗಾಗುತ್ತದೆ. ಕ್ಷೌರದ ಕತ್ತಿಯ ಬೆನ್ನು ದಪ್ಪ. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು, ಅಂಚು ಎರಡೂ ತಾಗಿ ಕೋನ ತಾನಾಗಿ ಕೂರುತ್ತದೆ. ಅಲಗಿನ ಅಗಲ 16 ಮಿ.ಮೀ., ಬೆನ್ನಿನ ದಪ್ಪ 4.5 ಮಿ.ಮೀ. ಇದ್ದರೆ ಅದು ಸುಮಾರು 16 ಡಿಗ್ರಿ. ಮಸೆದಂತೆಲ್ಲ ಬೆನ್ನೂ ಸವೆಯುವುದರಿಂದ ವರ್ಷಗಳಾದರೂ ಕೋನ ಹೆಚ್ಚು ಬದಲಾಗದು. ಐದು ಬ್ಲೇಡಿನ ರೇಜರಿನಲ್ಲಿ ಇಂಥ ಜಾಣ್ಮೆ ನನಗಂತೂ ಕಂಡಿಲ್ಲ.

ಮಸೆಗಲ್ಲುಗಳಲ್ಲಿ ಬೆಲ್ಜಿಯಂನ ವೀಲ್‌ಸಾಲ್ಮ್ ಸುತ್ತಮುತ್ತ ಸಿಗುವ ಹಳದಿ ಕೋಟಿಕ್ಯೂಲ್‌ಗೆ ದೊಡ್ಡ ಹೆಸರು. ಅದರ ತುಂಬ ಕೆಲವೇ ಮೈಕ್ರಾನ್ ಗಾತ್ರದ ಗಾರ್ನೆಟ್ ಹರಳುಗಳು. ಸಾಮಾನ್ಯವಾಗಿ 12 ಮುಖಗಳ ಈ ಹರಳಿನ ಮೂಲೆಗಳು ಚೂಪಲ್ಲ. ಹಾಗಾಗಿ ಉಕ್ಕಿನ ಮೇಲೆ ಆಳವಾದ ಗೀರು ಬೀಳದು. ನೀರು ಹಾಕಿ ಅದೇ ಕಲ್ಲಿನ ತುಂಡಿನಿಂದ ಉಜ್ಜಿದರೆ ಹಾಲಿನಂಥ ಗಸಿ ಏಳುತ್ತದೆ. ಗಸಿಯಲ್ಲಿ ಹರಳುಗಳು ಬಿಡಿಬಿಡಿಯಾಗಿ ಉರುಳುತ್ತ ಉಕ್ಕನ್ನು ಬೇಗ ತಿನ್ನುತ್ತವೆ. ಹನಿ ಹನಿ ನೀರು ಸೇರಿಸಿ ಗಸಿ ತೆಳುವಾದಷ್ಟೂ ಕೆಲಸ ನಿಧಾನ, ಅಂಚು ನಯ. ಕೊನೆಗೆ ಬರೀ ನೀರು. ಒಂದೇ ಕಲ್ಲಿನಲ್ಲಿ ಒರಟು ಕೆಲಸವೂ ಆಗುತ್ತದೆ, ನಯದ ಕೆಲಸವೂ ಆಗುತ್ತದೆ.

ಕಲ್ಲಿನ ಮೇಲೆ ಅಂಚು ಮುಂದೆ, ಬೆನ್ನು ಹಿಂದೆ. ಒತ್ತಿ ಉಜ್ಜಿದರೆ ಬೇಗ ಹರಿತವಾದೀತೆಂದು ಅನೇಕರ ಎಣಿಕೆ. ಎರಡೂ ಪಕ್ಕ ಒಳಕ್ಕೆ ತಗ್ಗಾಗಿರುವ ತೆಳು ಅಲಗು ಒತ್ತಿದರೆ ಬಾಗುತ್ತದೆ; ಆಮೇಲೆ ಕಲ್ಲು ಎಲ್ಲಿ ತಿನ್ನುತ್ತಿದೆಯೋ ತಿಳಿಯದು. ಕತ್ತಿಯ ತೂಕವೇ ಸಾಕು.

ನಂತರ ತೊಗಲಿನ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಅಂಚು ಹಿಂದೆ. ಇಲ್ಲವಾದರೆ ತೊಗಲೇ ಕುಯ್ದುಹೋಗುತ್ತದೆ. ಪಟ್ಟಿ ಸಡಿಲವಾಗಿ ಜೋತರೆ ಅದು ಅಂಚಿನ ಸುತ್ತ ಬಳಸಿಕೊಂಡು ಹರಿತವನ್ನು ಕೆಡಿಸುತ್ತದೆ. ಅದಕ್ಕೇ ಬಿಗಿಯಾಗಿ ಎಳೆದು ಹಿಡಿಯಬೇಕು. ತುದಿ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು.